ಫ್ಯಾನ್ ಹಚ್ಚವ್ವಾ

ಗೆಳೆಯರೇ, ಮಾತು ಕೇಳಿ ಕೆಲಸ ಮಾಡುವ ನನ್ನ ಹೊಸ ಸ್ಪೀಕರ್ ಇವತ್ತು ಮಧ್ಯಾಹ್ನ ನನ್ನ ಮರ್ಯಾದೆ ತೆಗೆಯಿತು.

ದೊಡ್ಡವ್ವ ರಾಯಚೂರು ಜಿಲ್ಲೆಯ ಜಾಲಹಳ್ಳಿಯಿಂದ ಬಸ್ಸಿನಲ್ಲಿ ಬೆವರಿಳಿಸಿಕೊಂಡು ಬಂದಿದ್ದಳು. "ಬಾಯಿಲೆ ಹೇಳು ದೊಡ್ಡವ್ವ, ಫ್ಯಾನ್ ತಾನ ತಿರುಗತದ" ಎಂದು ಜಂಬ ಕೊಚ್ಚಿದೆ. ಅವಳು ಸೆರಗು ಸರಿಮಾಡಿಕೊಂಡು ಸ್ಪೀಕರಿನೆದುರು ಕೂತಳು.

"ಯವ್ವಾ, ಫ್ಯಾನ್ ಹಚ್ಚು."

ನಮ್ಮ ರಾಯಚೂರು ಕಡೆ ದೀಪವಷ್ಟೇ ಅಲ್ಲ, ಫ್ಯಾನು, ಟಿವಿ, ಫೋನು ಎಲ್ಲವನ್ನೂ ಹಚ್ಚುತ್ತೇವೆ. ಸ್ಪೀಕರಿಗೆ ಕೇಳಿಸಿದ್ದು 'ಹೆಚ್ಚು'. "ಧ್ವನಿ ಹೆಚ್ಚಿಸಲಾಗಿದೆ" ಎಂದಿತು, ಜೋರಾಗಿ.

"ಒದರಬ್ಯಾಡವ್ವಾ. ಹಚ್ಚು ಅಂದೆ."

"ಧ್ವನಿ ಹೆಚ್ಚಿಸಲಾಗಿದೆ!" ಪಕ್ಕದ ಮನೆಯ ನಾಯಿ ಬೊಗಳತೊಡಗಿತು.

"ಆನ್ ಮಾಡು ಅನ್ನು, ದೊಡ್ಡವ್ವ" ಎಂದೆ.

ಅವಳು ನನ್ನನ್ನೇ ದಿಟ್ಟಿಸಿದಳು. "ನಮ್ಮೂರಿಗಿ ಬಂದದ್ದು ಅದು. ಮಾತು ಅದು ಕಲೀಬೇಕೋ, ನಾ ಕಲೀಬೇಕೋ?"

ನಾನು ಫೋನಿನಲ್ಲಿ ಸ್ಪೀಕರಿನ ಅಪ್‌ಡೇಟ್ ಹುಡುಕತೊಡಗಿದೆ.

"ಶಕಿ ಆಗಾಕತ್ತದ. ಲೇ, ನೀನರ ಹಚ್ಚೋ."

ಎದ್ದು ಹೋಗಿ ಗೋಡೆಯ ಸ್ವಿಚ್ ಒತ್ತಿದೆ. ಫ್ಯಾನ್ ತಿರುಗಿತು. ದೊಡ್ಡವ್ವ ಸ್ಪೀಕರಿನ ಕಡೆ ಬಾಗಿ, ಹೊಸ ಸೊಸೆಗೆ ಹೇಳುವಂತೆ ಮೆತ್ತಗೆ ಹೇಳಿದಳು: "ನೋಡಿದೇನವ್ವಾ? ಹಚ್ಚೋದಂದ್ರ ಹಿಂಗ."