ಹಲ್ಲಿನ ಡಾಕ್ಟರ ಗಿನಾನ್, ನಮ್ಮ ಶನಿವಾರದ ಭಜನೆ

ಬಾಯಿ ಮರಗಟ್ಟಿದ ಮೇಲೆ ಮಾತಾಡಬಾರದೆಂದು ಹಲ್ಲಿನ ಡಾಕ್ಟರು ಮೊದಲೇ ಹೇಳಿದ್ದರು. ಮಾತಾಡುವ ಯೋಚನೆಯೂ ನನಗಿರಲಿಲ್ಲ. ಕೆಳದವಡೆಯ ಹಲ್ಲೊಂದು ಕೆಲವು ದಿನಗಳಿಂದ ಪ್ರಾಣ ಹಿಂಡುತ್ತಿತ್ತು. ಸಾಗರದ ಪೇಟೆಯಲ್ಲಿ ಹೊಸದಾಗಿ ತೆರೆದಿದ್ದ ಅವರ ಕ್ಲಿನಿಕ್ಕಿಗೆ ಹೋಗಿ, ಇಂಜೆಕ್ಷನ್ ಚುಚ್ಚಿಸಿಕೊಂಡು, ಕಣ್ಣು ಮುಚ್ಚಿ ಕುರ್ಚಿಯಲ್ಲಿ ಒರಗಿದ್ದೆ. ಡಾಕ್ಟರು ನನಗಿಂತ ಎಷ್ಟೋ ಚಿಕ್ಕ ವಯಸ್ಸಿನ ಹೆಂಗಸು. ಮಾಸ್ಕಿನೊಳಗೇ ಏನನ್ನೋ ಗುನುಗುತ್ತ ಕೆಲಸ ಮಾಡುತ್ತಿದ್ದರು. ಅವರು ಎರಡನೇ ಸಾಲಿಗೆ ಬರುವಷ್ಟರಲ್ಲಿ ನಾನು ಕಣ್ಣು ಬಿಟ್ಟೆ. ಅದು ನಮ್ಮ ಹಾಡು.

ನಮ್ಮ ಹಾಡು ಅಂದರೆ, ನಮ್ಮ ಬೀದಿಯ ಹೆಂಗಸರು ಶನಿವಾರ ಸಂಜೆ ಸೇರಿ ಹೇಳುವ ಭಜನೆಗಳಲ್ಲಿ ಒಂದು. ನಾನು ಹೈಸ್ಕೂಲಿನಲ್ಲಿ ಹಿಂದಿ ಕಲಿಸುವವಳು, ಆ ಗುಂಪಿನಲ್ಲಿ ಹಾರ್ಮೋನಿಯಂ ನುಡಿಸುವವಳು. ಆ ಧಾಟಿ ನನಗಿಂತ ಹೆಚ್ಚಾಗಿ ನನ್ನ ಬೆರಳುಗಳಿಗೆ ಗೊತ್ತು. ಕುರ್ಚಿಯ ಕೈ ಮೇಲೆ ಅವು ಆಗಲೇ ಕುಣಿಯತೊಡಗಿದ್ದವು.

"ಅದು ನಮ್ಮ ಹಾಡು" ಅನ್ನಲು ಹೋದೆ. ಬಾಯಿಂದ ಹೊರಬಿದ್ದದ್ದು "ಅಉ ಅಂಅ ಆಉ."

ಡಾಕ್ಟರು ಯಂತ್ರ ನಿಲ್ಲಿಸಿದರು. "ನೋವಾಗ್ತಿದೆಯಾ?"

ನಾನು ಇಲ್ಲವೆಂದು ತಲೆಯಾಡಿಸಿ, ಅವರ ಮಾಸ್ಕಿನ ಕಡೆ ಬೆರಳು ತೋರಿಸಿ, ಮುಂದಿನ ಸಾಲನ್ನು ಮೂಗಿನಿಂದಲೇ ಹಾಡಿದೆ. ಎಂಜಲು ಹೀರುವ ಕೊಳವೆ ಬಾಯಲ್ಲಿ ಗೊರಗೊರ ಅನ್ನುತ್ತಿತ್ತು. ಇಂಜೆಕ್ಷನ್ ತಲೆಗೇರಿತೋ ಏನೋ ಎಂಬ ಗಾಬರಿಯಲ್ಲಿ ಅವರು ನನ್ನನ್ನೇ ನೋಡಿದರು. ಆಮೇಲೆ ಧಾಟಿ ಗುರುತು ಸಿಕ್ಕಿರಬೇಕು, ಮಾಸ್ಕು ಕೆಳಗಿಳಿಸಿ, "ಇದು ನಿಮಗೆ ಹೇಗೆ ಗೊತ್ತು?" ಅಂದರು. ನನಗೆ ನಗು ಬಂತು. ಮುಖದ ಅರ್ಧ ಭಾಗ ಮಾತ್ರ ನಕ್ಕಿತು. ಅದನ್ನು ನೋಡಿ ಅವರೂ ನಗಲು ಶುರುಮಾಡಿದರು. ಕೈ ಸ್ಥಿರವಾಗುವ ತನಕ ಹಲ್ಲಿನ ಕೆಲಸ ನಿಂತೇ ಇತ್ತು.

ನಾಲಿಗೆ ಸರಿಯಾಗುವವರೆಗೆ ನಾನು ಹೊರಗಿನ ಬೆಂಚಿನಲ್ಲಿ ಕಾದು ಕೂತೆ. ಕೊನೆಯ ಪೇಶೆಂಟು ಹೋದ ಮೇಲೆ ಅವರೇ ಬಂದು ಪಕ್ಕದಲ್ಲಿ ಕೂತರು. ಹುಟ್ಟೂರು ಗುಜರಾತಿನ ಕಛ್. ಓದಿದ್ದು ಕರ್ನಾಟಕದಲ್ಲಿ, ಹಾಗಾಗಿ ಕನ್ನಡ ಬರುತ್ತಿತ್ತು. ಗಂಡನಿಗೆ ಅಡಿಕೆ ವ್ಯಾಪಾರ, ಆ ಸಲುವಾಗಿ ಸಾಗರಕ್ಕೆ ಬಂದದ್ದು. ಅವರು ಇಸ್ಮಾಯಿಲಿ ಮುಸ್ಲಿಮರು. ಗುನುಗುತ್ತಿದ್ದದ್ದು ಗಿನಾನ್, ಅಂದರೆ ಅವರ ಧರ್ಮಗುರುಗಳಾದ ಪೀರ್‌ಗಳು ಬಹಳ ಹಿಂದೆ ಕಟ್ಟಿದ ಭಕ್ತಿಯ ಹಾಡು. ಮಾತು ಬೇರೆ, ಧಾಟಿ ಮಾತ್ರ ನಮ್ಮ ಭಜನೆಯದೇ. ಅವರ ಪ್ರಾರ್ಥನಾ ಮಂದಿರವಾದ ಜಮಾತ್‌ಖಾನೆಯಲ್ಲಿ ನೆಲದ ಮೇಲೆ ಕೂತು ಎಲ್ಲರೂ ಒಟ್ಟಿಗೆ ಹಾಡುತ್ತಾರಂತೆ.

"ಇಲ್ಲಿ ಜಮಾತ್‌ಖಾನೆ ಇಲ್ಲ, ಟೀಚರ್. ನಮ್ಮವರೂ ಇಲ್ಲ," ಅಂದರು. "ಹಾಗಾಗಿ ಪೇಶೆಂಟುಗಳ ಹಲ್ಲಿಗೆ ಹಾಡಿ ಕೇಳಿಸ್ತೀನಿ."

ನನ್ನ ಹಲ್ಲಿಗೆ ಮತ್ತೆ ಮತ್ತೆ ಹೋಗಬೇಕಾದ ಕೆಲಸವಿತ್ತು. ಹಲ್ಲುನೋವಿಗೆ ಅಷ್ಟು ಉತ್ಸಾಹದಿಂದ ಹೋದವಳು ಸಾಗರದಲ್ಲಿ ನಾನೊಬ್ಬಳೇ ಇರಬೇಕು. ಹೋದಾಗಲೆಲ್ಲ ಅವರು ಒಂದು ಗಿನಾನ್ ಹೇಳುವರು, ಬಾಯಿ ಬಿಡುವಾದ ಮೇಲೆ ನಾನೊಂದು ಭಜನೆ ಹೇಳುವೆ. ಗಿನಾನಿನ ಭಾಷೆ ಗುಜರಾತಿ, ಕಛ್ಛಿ, ಹಿಂದಿ ಎಲ್ಲ ಬೆರೆತದ್ದು. ಹಿಂದಿಯ ಬಲದಿಂದ ನನಗೆ ಅರ್ಧ ತಿಳಿಯುತ್ತಿತ್ತು, ಉಳಿದರ್ಧ ಅವರು ಹೇಳುತ್ತಿದ್ದರು. ಅವರ ಹಾಡಿನಲ್ಲೂ ಸ್ವಾಮಿಗಾಗಿ ಬಾಗಿಲಲ್ಲಿ ಕಾದು ಕೂತ ಮದುಮಗಳಿದ್ದಳು. ಸಂಸಾರ ಸಾಗರವಾಗಿತ್ತು, ಅದನ್ನು ದಾಟಿಸುವ ಗುರುವಿದ್ದ. ಕೊನೆಯ ನುಡಿಯಲ್ಲಿ ಹಾಡು ಕಟ್ಟಿದವರ ಹೆಸರು ಬರುತ್ತಿತ್ತು. ನಮ್ಮ ದಾಸರ ಪದಗಳಿಗೆ ಅಂಕಿತ ಇರುವುದೂ ಹೀಗೇ ಅಂದೆ. ಒಂದು ದಿನ ಅವರು ಹರಿಶ್ಚಂದ್ರ ಮತ್ತು ತಾರಾಮತಿಯ ಕಥೆ ಬರುವ ಗಿನಾನ್ ಹೇಳಿದಾಗ ನಾನು ಕುರ್ಚಿಯಿಂದ ಎದ್ದೇ ಬಿಟ್ಟೆ. "ಅವನು ನಿಮ್ಮಲ್ಲಿಗೂ ಬಂದಿದ್ದಾನಾ?" ಎಂದು ಕೇಳಿದೆ. "ನಮ್ಮಜ್ಜಿ ಅವನ ಕಥೆ ಹೇಳ್ತಾ ಅಳ್ತಿದ್ರು," ಅಂದರು.

ಈ ನಡುವೆ ನಮ್ಮ ಗುಂಪಿನವರೊಬ್ಬರ ಮಗಳು ತೀರ್ಥಹಳ್ಳಿಯಲ್ಲಿ ಮನೆ ಕಟ್ಟಿಸಿದಳು. ಗೃಹಪ್ರವೇಶದ ಮಧ್ಯಾಹ್ನ ನಮ್ಮ ಭಜನೆ ಆಗಬೇಕೆಂದು ಕರೆ ಬಂತು. ಉಳಿದವರು ಬಸ್ಸಿನಲ್ಲಿ ಬೆಳಿಗ್ಗೆಯೇ ಹೊರಟರು. ಹಾರ್ಮೋನಿಯಂ ಹೊತ್ತು ಬಸ್ಸು ಹತ್ತುವುದು ಕಷ್ಟವೆಂದು ನಾನು ಒದ್ದಾಡುತ್ತಿದ್ದಾಗ ಡಾಕ್ಟರು, "ಭಾನುವಾರ ಕ್ಲಿನಿಕ್ ಇಲ್ಲ, ನನ್ನ ಕಾರಲ್ಲಿ ಹೋಗೋಣ" ಅಂದರು.

ಊರು ದಾಟುವ ಮೊದಲೇ ಆಟ ಶುರುವಾಯಿತು. ಒಬ್ಬರು ಒಂದು ಪದ ಹೇಳಬೇಕು, ಆ ಪದ ಬರುವ ಹಾಡನ್ನು ಇನ್ನೊಬ್ಬರು ಹೇಳಬೇಕು. ದೋಣಿ ಅಂದೆ, ಅವರ ಹತ್ತಿರ ದೋಣಿ ಇತ್ತು. ಹಂಸ ಅಂದರು, ನನ್ನ ಹತ್ತಿರ ಹಂಸ ಇತ್ತು. ದೀಪ, ಬಾವಿ, ಮುತ್ತು, ಯಾವುದಕ್ಕೂ ಇಬ್ಬರೂ ಸೋಲಲಿಲ್ಲ. ಹೊಸನಗರ ಬಂದಾಗ ನಾನು "ಹಲ್ಲು" ಅಂದೆ. ಡಾಕ್ಟರು ಸ್ಟೇರಿಂಗ್ ಹಿಡಿದು ಬಹಳ ಹೊತ್ತು ಯೋಚಿಸಿದರು.

"ಹಲ್ಲಿನ ಗಿನಾನ್ ನೆನಪಾಗ್ತಿಲ್ಲ. ನಿಮ್ಮಲ್ಲಿ ಇದೆಯಾ?"

ತೊಟ್ಟಿಲ ಕೂಸು ಕೃಷ್ಣನ ಹಾಲುಹಲ್ಲಿನ ಪದವೊಂದನ್ನು ಹಾಡಿದೆ. "ದಿನವೆಲ್ಲ ಹಲ್ಲು ನೋಡೋಳು ನಾನು, ಹಾಡು ಇರೋದು ನಿಮ್ಮ ಹತ್ರ," ಎಂದು ಅವರು ನಗಲು ಶುರುಮಾಡಿದರು. ಕಣ್ಣಲ್ಲಿ ನೀರು ಬಂದು ರಸ್ತೆ ಕಾಣದೆ ಕಾರನ್ನು ಪಕ್ಕಕ್ಕೆ ನಿಲ್ಲಿಸಬೇಕಾಯಿತು. ಮತ್ತೆ ಹೊರಟಾಗ ತಿರುಗಬೇಕಾದ ಕಡೆ ಇಬ್ಬರೂ ಹಾಡುತ್ತಿದ್ದೆವು. ಕಾರು ನೇರ ಹೋಯಿತು. ಮಾಸ್ತಿಕಟ್ಟೆಯ ಬೋರ್ಡು ಕಂಡಾಗಲೇ ಎಚ್ಚರವಾದದ್ದು.

ರಸ್ತೆ ಪಕ್ಕದ ಚಹಾದಂಗಡಿಯವನನ್ನು ಕೇಳಿದೆವು.

"ತೀರ್ಥಳ್ಳಿಗಾ? ಹಂಗಾರೆ ಇಲ್ಲಿಗ್ಯಾಕ್ ಬಂದ್ರಿ?"

"ಹಾಡ್ತಾ ಬಂದ್ವಿ," ಅಂದರು ಡಾಕ್ಟರು.

ಅವನು ನಮ್ಮಿಬ್ಬರನ್ನೂ ಗಂಭೀರವಾಗಿ ನೋಡಿದ. "ಯಡೂರು ಮೇಲೆ ಹೋಗಿ, ರಸ್ತೆ ಐತೆ. ತಿರುವಲ್ಲಿ ಮಾತ್ರ ಹಾಡ್‌ಬ್ಯಾಡಿ."

ಅದಕ್ಕೆ ನಕ್ಕ ನಗು ತೀರ್ಥಹಳ್ಳಿ ಮುಟ್ಟಿದರೂ ನಿಂತಿರಲಿಲ್ಲ. ಹೊಸ ಮನೆಯ ಒಳಗೆ ಭಜನೆ ಆಗಲೇ ಶುರುವಾಗಿತ್ತು. ಹಾರ್ಮೋನಿಯಂ ಹಿಡಿದು ಬಾಗಿಲಲ್ಲಿ ನಿಂತ ನನ್ನನ್ನು ನಮ್ಮ ಗುಂಪಿನ ಹಿರಿಯಮ್ಮ ಕನ್ನಡಕದ ಮೇಲಿಂದ ನೋಡಿದರು. ಗುಂಪು ಕಟ್ಟಿದವರೇ ಅವರು. ಅವರ ಮಾತಿಗೆ ನಮ್ಮಲ್ಲಿ ಎದುರಿಲ್ಲ. 'ನಾವು' ಅನ್ನುವುದಕ್ಕೆ 'ಎಂಗೊ' ಅನ್ನುವವರು.

"ಎಂತ ಇದು? ಎಂಗೊ ಶ್ರುತಿ ಇಲ್ದೇ ಎರಡು ಹಾಡು ಹೇಳಿ ಆತು. ನಗಾಡದು ಆಮೇಲೆ ಮಾಡಲಕ್ಕು, ಮೊದ್ಲು ಕೂತ್ಕಳಿ."

ಕೂತೆವು. ನಾಲ್ಕಾರು ಹಾಡಾದ ಮೇಲೆ ಹಿರಿಯಮ್ಮ ಡಾಕ್ಟರ ಕಡೆ ತಿರುಗಿದರು. "ನಿಂಗೂ ಹಾಡು ಬತ್ತಡ, ಹೌದಾ ತಂಗಿ? ಟೀಚರು ಹೇಳ್ತಾ ಇರ್ತು."

ಡಾಕ್ಟರ ನಗು ಅಲ್ಲಿಗೆ ನಿಂತಿತು. "ಅಮ್ಮಾ, ಅದು ನಮ್ಮ ಪ್ರಾರ್ಥನೆ. ಮನರಂಜನೆಗೆ ಅಂತ ಹಾಡಲ್ಲ."

"ಎಂಗೊ ಹೇಳದೂ ದೇವ್ರಿಗೇಯ. ಮನಸ್ಸಿದ್ರೆ ಹೇಳು, ಇಲ್ದಿದ್ರೆ ಅಡ್ಡಿಲ್ಲೆ."

ಡಾಕ್ಟರು ದುಪಟ್ಟಾವನ್ನು ತಲೆಯ ಮೇಲೆ ಎಳೆದುಕೊಂಡು, ಆ ಮೊದಲ ದಿನದ ಗಿನಾನನ್ನೇ ಎತ್ತಿಕೊಂಡರು. ಕ್ಲಿನಿಕ್ಕಿನಲ್ಲಿ ಗುನುಗಿದ್ದಷ್ಟೇ ಕೇಳಿದ್ದ ನನಗೆ, ಬಾಯಿಬಿಟ್ಟು ಹಾಡಿದಾಗ ಅವರ ದನಿ ಅಷ್ಟು ದೊಡ್ಡದೆಂದು ಗೊತ್ತಿರಲಿಲ್ಲ. ಧಾಟಿ ಪರಿಚಯದ್ದಾದ್ದರಿಂದ ನಮ್ಮವರು ತಿರುಗಿ ಬರುವ ಸಾಲಿಗೆ ತಾವಾಗಿ ದನಿ ಸೇರಿಸಿದರು. ಮಾತು ತಿಳಿಯದೆ ಏನೇನೋ ಹೇಳಿದರು, ತಾಳ ಮಾತ್ರ ತಪ್ಪಲಿಲ್ಲ. ಕೊನೆಯ ನುಡಿಯಲ್ಲಿ ಡಾಕ್ಟರು ನಿಧಾನವಾದಾಗ ಹಿರಿಯಮ್ಮ, "ಅಂಕಿತ ಬಂತು" ಎಂದು ಕೈ ಮುಗಿದರು. ಯಾರೂ ಹೇಳಿಕೊಟ್ಟಿರಲಿಲ್ಲ.

ಮನೆಯವರ ಕಡೆಯ ಒಬ್ಬ ಹೆಂಗಸು ಸಂಕೋಚದಿಂದ, "ನೀವು ಮುಸ್ಲಿಮರಲ್ವಾ? ಹಾಡಲ್ಲಿ ಸ್ವಾಮಿ, ಗುರು ಅಂತೆಲ್ಲ ಬಂತಲ್ಲ" ಎಂದು ಕೇಳಿದರು.

"ಹೌದು, ಮುಸ್ಲಿಮರೇ. ಗುರು ಅಂದಾಗ ನಮ್ಮ ಮನಸ್ಸಿಗೆ ಬರೋದು ನಮ್ಮನ್ನೆಲ್ಲ ನಡೆಸೋ ನಮ್ಮ ಇಮಾಮರು. ಪದ ಒಂದೇ ಇದ್ರೂ ನಾವು ನೋಡೋ ಕಡೆ ಬೇರೆ," ಅಂದರು ಡಾಕ್ಟರು.

ಹಿರಿಯಮ್ಮ ಕನ್ನಡಕ ಸರಿಮಾಡಿಕೊಂಡರು. "ಬೇರೆ ಇರ್ಲಿ. ಮೂರನೇ ಸಾಲಲ್ಲಿ ಎಂಗೊ ಕೆಳಗೆ ಇಳಿತ್ಯ, ನೀನು ಮೇಲೆ ಏರ್ತೆ. ಅದು ಹೆಂಗೆ ಹೇಳಿ ತೋರ್ಸು."

ಡಾಕ್ಟರು ತೋರಿಸಿದರು. ಹಿರಿಯಮ್ಮ ಏರಿದರು. ಅರ್ಧ ಜನ ಅವರ ಹಿಂದೆ ಏರಿದರು, ಉಳಿದರ್ಧ ಅಭ್ಯಾಸಬಲದಿಂದ ಇಳಿದರು. ಯಾರ ಹಿಂದೆ ಹೋಗಬೇಕೆಂದು ತಿಳಿಯದೆ ನನ್ನ ಹಾರ್ಮೋನಿಯಂ ನಡುವಿನ ಯಾವುದೋ ಸ್ವರದಲ್ಲಿ ಕಿರುಗುಟ್ಟಿ ಸಿಕ್ಕಿಕೊಂಡಿತು. ಮೊದಲು ನಕ್ಕದ್ದು ಹಿರಿಯಮ್ಮನೇ. ಆಮೇಲೆ ಯಾರನ್ನೂ ಹಿಡಿಯಲಾಗಲಿಲ್ಲ. ಊಟಕ್ಕೆ ಎಲೆ ಹಾಕಿದ್ದೇವೆಂದು ಕರೆಯಲು ಬಂದವರು ಬಾಗಿಲಲ್ಲೇ ನಿಂತು, ಕಾರಣ ಗೊತ್ತಿಲ್ಲದೆ ತಾವೂ ನಗತೊಡಗಿದರು.

ಈಗ ಶನಿವಾರ ಕ್ಲಿನಿಕ್ ಬೇಗ ಮುಗಿದರೆ ಡಾಕ್ಟರು ಬರುತ್ತಾರೆ. ನಮ್ಮ ಪದಗಳನ್ನು ಕಲಿಯುತ್ತಾರೆ. ಅವರು ಹಾಡುವಾಗ ನಾವು ಸುಮ್ಮನೆ ಕೂತು ಕೇಳುತ್ತೇವೆ. ಮೊನ್ನೆ ಭಜನೆ ಮುಗಿದಾಗ ಕಛ್‌ನಿಂದ ಅವರ ತಾಯಿ ವಿಡಿಯೋ ಕಾಲ್ ಮಾಡಿದರು. ಹಿರಿಯಮ್ಮ ಫೋನು ಇಸಿದುಕೊಂಡು, ಆ ಗಿನಾನಿನ ಮೂರನೇ ಸಾಲನ್ನು ಹಾಡಿ ತೋರಿಸಿದರು. ಆ ಕಡೆಯ ತಾಯಿ ತಲೆಯಾಡಿಸಿ ತಿದ್ದಿದರು. ಇವರು ಮತ್ತೆ ಹಾಡಿದರು, ಅವರು ಮತ್ತೆ ತಿದ್ದಿದರು. ಅವರಿಗೆ ಕನ್ನಡ ಬಾರದು, ಇವರಿಗೆ ಗುಜರಾತಿ ಬಾರದು. ನಾನೂ ಡಾಕ್ಟರೂ ಅನುವಾದಕ್ಕೆ ಸಿದ್ಧರಾಗಿ ಪಕ್ಕದಲ್ಲಿ ಕೂತೆವು. ಇಬ್ಬರೂ ನಮ್ಮ ಕಡೆ ತಿರುಗಿಯೂ ನೋಡಲಿಲ್ಲ. ಕೊನೆಗೆ ಡಾಕ್ಟರು ಚಹಾ ಮಾಡಲು ಎದ್ದರು. ನಾನು ಬಿಸ್ಕತ್ತಿನ ಡಬ್ಬಿ ಹುಡುಕಲು ಹೋದೆ.