ಹುಬ್ಬಳ್ಳಿಯಲ್ಲಿ ಕಟ್ಟಿಸಿದ ಗಾಲಿ

ನಮ್ಮ ಮನೆಯಲ್ಲಿ ಸೈಕಲ್ ಪಂದ್ಯ ಗೆಲ್ಲುವವನು ನಮ್ಮಣ್ಣ, ಗಾಲಿ ಕಟ್ಟುವವನು ನಾನು. ಎಂಬತ್ತರ ದಶಕದ ಆರಂಭದಲ್ಲಿ ಕುಂದಗೋಳದ ಪಂದ್ಯದಿಂದ ಸತತ ಮೂರು ವರ್ಷ ನಮ್ಮ ಮನೆಗೆ ಹೂಮಾಲೆ ಬಂತು. ಜನ ಅಣ್ಣನ ತೊಡೆ ನೋಡಿ ಹೊಗಳುತ್ತಿದ್ದರು. ಗಾಲಿ ಯಾರು ನೋಡುತ್ತಾರೆ? ಅಣ್ಣ ಒಬ್ಬ ನೋಡುತ್ತಿದ್ದ. ಮಾಲೆ ಕೊರಳಿಂದ ತೆಗೆದು ಸೈಕಲ್ಲಿನ ಹ್ಯಾಂಡಲ್ಲಿಗೆ ಹಾಕಿ, "ಲೇ ತಮ್ಮಾ, ಇದು ನಿಂದು" ಅನ್ನುತ್ತಿದ್ದ. ನನಗೆ ಅಷ್ಟು ಸಾಕಾಗಿತ್ತು.

ಅದು ಸಾದಾ ಸೈಕಲ್ಲಿನ ಪಂದ್ಯ. ಬಾಗಿದ ಹ್ಯಾಂಡಲ್ಲಿನ ರೇಸ್ ಸೈಕಲ್ಲುಗಳಿಗೆ ಬೇರೆ ಪಂದ್ಯ ಇರುತ್ತಿತ್ತು. ಇಲ್ಲಿ ದಿನಾ ಹಾಲು, ಹುಲ್ಲು, ಹೆಂಡತಿ ಎಲ್ಲ ಹೊರುವ ಸೈಕಲ್ಲೇ ಓಡಬೇಕು. ಮಡ್‌ಗಾರ್ಡು, ಸ್ಟ್ಯಾಂಡು, ಕ್ಯಾರಿಯರ್ ಬಿಚ್ಚುವಂತಿಲ್ಲ. ಗಾಲಿ ಇಪ್ಪತ್ತೆಂಟು ಇಂಚಿನದು, ರಿಮ್ಮು ಉಕ್ಕಿನದು, ಮುಂದೆ ಮೂವತ್ತೆರಡು ಕಡ್ಡಿ, ಹಿಂದೆ ನಲವತ್ತು. ಒಂದು ಕಡ್ಡಿ ಕಡಿಮೆಯಾದರೂ ಮನೆಗೆ ನಡಿ. ಹಗುರ ಮಾಡುವ ದಾರಿಗಳನ್ನೆಲ್ಲ ಹೀಗೆ ಮುಚ್ಚಿದ ಮೇಲೆ ಉಳಿಯುವುದು ಆರಿಸುವ ಕೆಲಸ ಒಂದೇ. ಒಂದೇ ಅಳತೆಯ ಹತ್ತು ರಿಮ್ಮು ಎತ್ತಿ ನೋಡಿದರೆ ಅದರಲ್ಲಿ ಒಂದು ಹಗುರ ಸಿಕ್ಕೇ ಸಿಗುತ್ತದೆ. ಉಳಿದ ಸೈಕಲ್ಲಿನ ತೂಕ ಸುಮ್ಮನೆ ಕುಳಿತು ಬರುತ್ತದೆ. ಗಾಲಿಯ ತೂಕ ಹಾಗಲ್ಲ, ಪ್ರತಿ ಸುತ್ತಿಗೂ ಅದನ್ನು ಕಾಲು ತಿರುಗಿಸಬೇಕು. ಇದು ಊರಲ್ಲಿ ನನಗೆ ಗೊತ್ತಿತ್ತು, ಅಣ್ಣನ ಕಾಲಿಗೆ ಗೊತ್ತಿತ್ತು.

ಅವ್ವ ತೀರಿಕೊಂಡ ಮೇಲೆ ಮನೆಯಲ್ಲಿ ನಾವು ಮೂವರೇ ಉಳಿದೆವು: ಅಣ್ಣ, ಅವನ ಹೆಂಡತಿಯಾದ ವೈನಿ, ಮದುವೆಯಾಗದ ನಾನು. ಒಂದು ಮಧ್ಯಾಹ್ನ ಊಟಕ್ಕೆ ಕುಳಿತಾಗ ಸಾರಿಗೆ ಉಪ್ಪು ಹೆಚ್ಚಾಗಿದೆ ಅಂದೆ. ವೈನಿ ಸುಮ್ಮನಿದ್ದರು, ಅಣ್ಣ ಸುಮ್ಮನಿರಲಿಲ್ಲ. "ಹಂಗಾರ ನೀನ ಮಾಡ್ಕೊಂಡು ಉಣ್ಣು" ಅಂದ. ನನಗೆ ಮೂಗಿನ ತುದಿಯಲ್ಲೇ ಸಿಟ್ಟು, ತಾಟು ಸರಿಸಿ ಎದ್ದೆ. "ಆತು, ನನ್ನ ಪಾಲು ನನಗ ಕೊಡು" ಅಂದುಬಿಟ್ಟೆ. ಉಪ್ಪಿನ ಮಾತು ಹೊಲದ ತನಕ ಹೋಯಿತು.

ಐದು ಮಂದಿ ಹಿರಿಯರು ನಮ್ಮ ಅಂಗಳದಲ್ಲಿ ಕುಳಿತು ಹೊಲ, ಎತ್ತು, ಹಂಡೆ, ಕೊಡ ಎಲ್ಲವನ್ನೂ ಎರಡು ಪಾಲು ಮಾಡಿದರು. ಕೊನೆಗೆ ಸೈಕಲ್ ಉಳಿಯಿತು. ಅವನು ತನ್ನದು ಅಂದ, ನಾನು ನನ್ನದು ಅಂದೆ. ಸಂಜೆಯಾಗುತ್ತ ಬಂದಿತ್ತು. ಹಿರಿಯರೊಬ್ಬರು ಬೇಸತ್ತು, "ಗಾಲಿ ಕಟ್ಟಾಂವಗ ಗಾಲಿ, ತುಳಿಯಾಂವಗ ಉಳಿದದ್ದು. ಏಳ್ರಿನ್ನ, ಹೋಗೂಣು" ಅಂದರು. ಅವರು ಚೇಷ್ಟೆಗೆ ಅಂದ ಮಾತು ಅದು. ನಾವಿಬ್ಬರೂ ಹಟಕ್ಕೆ ಹೂಂ ಅಂದೆವು. ಎಲ್ಲರ ಎದುರಿಗೇ ನಾನು ಪಾನಾ ತಂದು ಎರಡೂ ಗಾಲಿ ಬಿಚ್ಚಿಕೊಂಡೆ. ಉಳಿದ ಸೈಕಲ್ ಅಂಗಳದಲ್ಲಿ ಅಡ್ಡ ಬಿದ್ದಿತ್ತು. ಇಂಥ ಹುಚ್ಚು ಪಾಲನ್ನು ಯಾರಾದರೂ ಮಾಡಿಕೊಂಡಾರೇ? ನಾವು ಮಾಡಿಕೊಂಡೆವು. ತಿಂಗಳೊಳಗೆ ಅಂಗಳದ ನಡುವೆ ಎದೆಮಟ್ಟದ ಗೋಡೆಯೂ ಎದ್ದಿತು.

ಆಮೇಲೆ ನನ್ನ ಬಾಳು ವಿಚಿತ್ರವಾಯಿತು. ಬಸ್ ನಿಲ್ಲುವ ಕಡೆ ನನ್ನದೊಂದು ಸೈಕಲ್ ಅಂಗಡಿ ಇತ್ತು. ಹಗಲೆಲ್ಲ ಅಲ್ಲಿ ಪಂಕ್ಚರ್, ಬ್ರೇಕು ಅಂತ ಹತ್ತು ಜನರ ಜೊತೆ ಮಾತು. ಮನೆಗೆ ಬಂದರೆ ಬಾಯಿ ಮುಚ್ಚಿದ್ದು ಬೆಳಿಗ್ಗೆಯೇ ತೆರೆಯಬೇಕು. ನಾನು ಬಡಿದ ರೊಟ್ಟಿ ಹಂಚಿನ ಮೇಲೆ ಎತ್ತುವಷ್ಟರಲ್ಲಿ ನಾಲ್ಕು ತುಂಡಾಗುತ್ತಿತ್ತು. ಗೋಡೆಯಾಚೆ ವೈನಿ ರೊಟ್ಟಿ ಬಡಿಯುವ ಸಪ್ಪಳ ಕೇಳುತ್ತಿತ್ತು, ಅಣ್ಣ ಕೆಮ್ಮುವುದು ಕೇಳುತ್ತಿತ್ತು. ದೂರ ಎಲ್ಲೋ ಹೋಗಿ ಒಬ್ಬನೇ ಇರುವುದಾದರೂ ಮೇಲು. ಕೈಯಳತೆಯಲ್ಲಿ ನಿನ್ನವರಿದ್ದು ಒಬ್ಬನೇ ಇರುವುದಿದೆಯಲ್ಲ, ಅದು ಬಹಳ ಕೆಟ್ಟದ್ದು.

ಆ ವರ್ಷ ಅಣ್ಣ ಎಲ್ಲಿಂದಲೋ ಕೊಂಡ ಗಾಲಿ ಹಾಕಿಕೊಂಡು ಓಡಿ ಹಿಂದೆ ಬಿದ್ದ. ಸುದ್ದಿ ಕೇಳಿ ನನಗೆ ಅಗದಿ ಖುಷಿಯಾಯಿತು, ಸುಳ್ಳೇಕೆ ಹೇಳಲಿ. ಖುಷಿ ಒಂದು ದಿನ ಇತ್ತು. ಮರುದಿನ ಗೋಡೆಯಾಚೆ ಅವನು ಯಾರೊಂದಿಗೂ ಮಾತಾಡದೆ ಓಡಾಡುವುದು ಕೇಳಿಸಿತು. ಮುಂದಿನ ಪಂದ್ಯಕ್ಕೆ ಅವನಿಗೆ ನಾನೇ ಗಾಲಿ ಕಟ್ಟಿ ಕೊಡಬೇಕು ಅಂತ ಅವತ್ತೇ ತೀರ್ಮಾನಿಸಿದೆ. ಅದನ್ನು ನೋಡಿಯಾದರೂ ಒಂದು ಮಾತು ಆಡಿಯಾನು. ಬೈದರೂ ಸರಿ, ನನಗೆ ಬೇಕಾಗಿದ್ದು ಅವನ ಒಂದು ಮಾತು.

ಹುಬ್ಬಳ್ಳಿಯ ಸೈಕಲ್ ಸಾಮಾನಿನ ಅಂಗಡಿಗೆ ಮೂರು ಸಲ ಹೋದೆ. ರಿಮ್ಮುಗಳನ್ನು ಒಂದೊಂದಾಗಿ ಕಿರುಬೆರಳಿಗೆ ನೇತುಹಾಕಿ ತೂಗಿ ನೋಡಿದೆ, ಉಗುರಿನಿಂದ ಬಡಿದು ನಾದ ಕೇಳಿದೆ, ನೆಲದ ಮೇಲೆ ಉರುಳಿಸಿ ಯಾವ ಕಡೆ ವಾಲುತ್ತದೆ ಅಂತ ಬಗ್ಗಿ ನೋಡಿದೆ. ಅಂಗಡಿಯವರು ನಕ್ಕು, "ಏನ್ರೀ ಮಿಸ್ತ್ರಿ, ಕನ್ಯಾ ನೋಡಾಕ ಬಂದಂಗ ನೋಡ್ತೀರಲ್ಲ!" ಅಂದರು. "ಕನ್ಯಾ ಆದ್ರ ಒಂದ ಸಲ ನೋಡಿ ಹೂಂ ಅಂತಿದ್ದೆ ಬಿಡ್ರಿ" ಅಂದೆ. ಬಾಜೂ ಕಿರಾಣಿ ಅಂಗಡಿಯ ತಕ್ಕಡಿಗೆ ಹಾಕಿ ತೂಗಿದಾಗ ಎರಡು ರಿಮ್ಮು ಉಳಿದವುಗಳಿಗಿಂತ ನೂರು ಗ್ರಾಮಿನಷ್ಟು ಹಗುರ ಬಂದವು. ತೆಳುವಾಗಿದ್ದರೂ ಅಪ್ಪಟ ಉಕ್ಕು. ಅಲ್ಯೂಮಿನಿಯಂ ರಿಮ್ಮಿಗೆ ಮಿಂಚು ಬಣ್ಣ ಬಳಿದು ಓಡಿಸುವವರೂ ಇದ್ದರು. ಅಣ್ಣನನ್ನು ಪಂದ್ಯದಿಂದ ಹೊರಗೆ ಹಾಕಿಸುವ ಕೆಲಸ ನನ್ನ ಕೈಯಿಂದ ಆಗುವುದು ಬೇಡವಾಗಿತ್ತು.

ಪಾಲಿಗೆ ಬಂದ ಹಳೆಯ ಗಾಲಿಗಳಿಂದ ನಡುವಿನ ಹಬ್ಬು ಬಿಚ್ಚಿಕೊಂಡೆ. ಅವು ಸವೆದು ನುಣುಪಾಗಿದ್ದವು. ತೆಳು ಕಡ್ಡಿ ಹಾಕಿ, ಒಂದೊಂದನ್ನೂ ಬೆರಳಿನಿಂದ ಮೀಟಿ, ಎಲ್ಲವೂ ಒಂದೇ ದನಿ ಕೊಡುವ ತನಕ ಬಿಗಿ ಮಾಡಿದೆ. ಬೆಂಡು ತೆಗೆದು ಗಾಲಿ ನೇರ ಓಡುವಂತೆ ಮಾಡಲು ಎರಡು ವಾರ ಹಿಡಿಯಿತು. ಬೇಗ ಮುಗಿಸಲು ನನಗೂ ಮನಸ್ಸಿರಲಿಲ್ಲ, ಆ ಹದಿನೈದು ದಿನ ಮನೆಯಲ್ಲಿ ಕೈಗೊಂದು ಕೆಲಸ ಇತ್ತು.

ಮುಗಿದ ಮೇಲೆ ಎರಡೂ ಗಾಲಿಗಳನ್ನು ಗೋಡೆಯ ಮೇಲೆ ಇಟ್ಟೆ. "ಅಣ್ಣಾ, ತಗೋ" ಅನ್ನಲಿಲ್ಲ. ನಾನೂ ಅದೇ ಅವ್ವನ ಮಗನೇ ಅಲ್ಲವೇ? ಮೂರು ದಿನ ಅವು ಅಲ್ಲೇ ಇದ್ದವು. ಅಣ್ಣ ಹಾಯ್ದು ಹೋಗುತ್ತಿದ್ದ, ತಿರುಗಿ ನೋಡುತ್ತಿರಲಿಲ್ಲ. ನಾಲ್ಕನೆಯ ಬೆಳಿಗ್ಗೆ ಎದ್ದು ನೋಡಿದರೆ ಗೋಡೆ ಖಾಲಿ! ಆ ದಿನ ಅಂಗಡಿಯಲ್ಲಿ ಯಾರಿಗೂ ಗಾಳಿ ಹಾಕಿದ್ದಕ್ಕೆ ದುಡ್ಡು ಕೇಳಲಿಲ್ಲ.

ಪಂದ್ಯದ ದಿನ ಬೆಳಿಗ್ಗೆಯೇ ಹೋಗಿ ಕುಂದಗೋಳದಲ್ಲಿ ನಿಂತೆ. ಓಟ ಅಲ್ಲಿಂದ ಹೊರಟು ಯರಗುಪ್ಪಿ ಮುಟ್ಟಿ ಹಿಂದಿರುಗಬೇಕಿತ್ತು. ಆಟದ ಮಾಸ್ತರರು ಸಾಲಾಗಿ ಸೈಕಲ್ ಪರೀಕ್ಷೆ ಮಾಡುತ್ತ ಬಂದರು. ಅಣ್ಣನದನ್ನು ತಿರುವಿ ಹಾಕಿಸಿ ಕಡ್ಡಿ ಎಣಿಸಿದರು, ಶಾಲೆಯಿಂದ ತಂದ ಲೋಹಚುಂಬಕ ಹಚ್ಚಿ ನೋಡಿದರು. ಅದು ರಿಮ್ಮಿಗೆ ಟಕ್ ಅಂತ ಅಂಟಿತು. ಮುಂದಿನ ಗಾಲಿ ತಿರುಗಿಸಿ ಬಿಟ್ಟರೆ ಅದು ನಿಲ್ಲಲೊಲ್ಲದು. ಮಾಸ್ತರರ ಮುಖ ಅರಳಿತು. "ಭಾರೀ ಕಟ್ಯಾರಲ್ಲೋ! ಯಾರು ಕಟ್ಯಾರ?" ಅಂತ ಕೇಳಿದರು.

ನಾನು ಎರಡು ಮಾರು ದೂರದಲ್ಲಿದ್ದೆ. ಅಣ್ಣ ನನ್ನನ್ನು ನೋಡಿದ. ನೋಡಿಕೊಂಡೇ ಹೇಳಿದ, "ಹುಬ್ಬಳ್ಳ್ಯಾಗ ಕಟ್ಟಿಸೀನ್ರಿ."

ಓಟದಲ್ಲಿ ಅವನೇ ಮೊದಲು ಬಂದನಂತೆ. ನಾನು ನೋಡಲು ನಿಲ್ಲಲಿಲ್ಲ. ನಡೆದೇ ಊರಿಗೆ ಬಂದೆ, ದಾರಿಯುದ್ದಕ್ಕೂ ಅತ್ತೆ. ಬಿಸಿಲಿನಲ್ಲಿ ಗಂಡಸು ಅಳುತ್ತ ಹೋಗುವುದನ್ನು ನೋಡಿ ಹೊಲದವರು ಏನಂದುಕೊಂಡರೋ ಏನೋ. ಕಟ್ಟಿದವನು ಸತ್ತ ಅಂತ ಅಣ್ಣ ಅಂದಿದ್ದರೂ ಅಷ್ಟು ನೋವಾಗುತ್ತಿರಲಿಲ್ಲ.

ವಾರದ ಮೇಲೆ ನಮ್ಮೂರ ಹಾಲಿನವನು ನನ್ನ ಅಂಗಡಿಗೆ ಬಂದ. ಅವನೂ ಆ ಪಂದ್ಯದಲ್ಲಿ ಓಡಿದ್ದವನೇ. "ಮಿಸ್ತ್ರಿ, ನನಗೂ ಹಂತಾವ ಒಂದು ಜೋಡಿ ಗಾಲಿ ಬೇಕ್ರಿ. ಹುಬ್ಬಳ್ಳ್ಯಾಗ ಯಾರ ಕಡೆ ಕಟ್ಟಿಸಿದ್ರಿ ಅಂತ ನಿಮ್ಮಣ್ಣಾರನ್ನ ಕೇಳಿದೆ. 'ನನ್ನ ತಮ್ಮನ ಕೈಯಾಗ ಕೊಡು, ಅಂವ ಮುಟ್ಟಸ್ತಾನ' ಅಂದ್ರು."

"ತಮ್ಮ ಅಂದನೇನು?"

"ಹೌದ್ರಿ. ತಮ್ಮಗ ತಮ್ಮ ಅನ್ನದ ಮತ್ತೇನಂತಾರ?"

ಹುಬ್ಬಳ್ಳಿಯಲ್ಲಿ ಯಾವನೂ ಇಲ್ಲ, ಅವು ನಾನು ಕಟ್ಟಿದ ಗಾಲಿ ಅಂತ ಹೇಳಬಹುದಿತ್ತು. ಮಾತು ನಾಲಿಗೆಯ ತುದಿಗೆ ಬಂದಿತ್ತು. ಆದರೆ ಅಣ್ಣ ಊರಲ್ಲಿ ಸುಳ್ಳುಗಾರ ಅನ್ನಿಸಿಕೊಂಡರೆ ಮತ್ತೆ ಪಂದ್ಯದ ಕಡೆ ಕಾಲಿಡುವವನಲ್ಲ, ಅಂಥ ಜೀವ ಅದು. ಹಾಲಿನವನ ಗಾಲಿ ಇಸಿದುಕೊಂಡು, ಮನೆಯ ಬಾಗಿಲು ಮುಚ್ಚಿ ಕಟ್ಟಿದೆ. ಮೂರು ದಿನ ಒಳಗಿಟ್ಟುಕೊಂಡು, ಹುಬ್ಬಳ್ಳಿಯಿಂದ ಬಂತು ಅಂತ ಕೊಟ್ಟೆ. ಅವನ ಹಿಂದೆ ಇನ್ನೂ ಕೆಲವರು ಬಂದರು. ಎಲ್ಲರನ್ನೂ ಅಣ್ಣನೇ ಕಳಿಸುತ್ತಿದ್ದ. ಪಾಲಾದ ಮೇಲೆ ನಾನು ಅವನಿಗೆ ಗಾಲಿ ಕಟ್ಟಿಯೇನು ಅಂತ ಊರಲ್ಲಿ ಯಾರಿಗೂ ಅನ್ನಿಸಿರಲಿಲ್ಲ. ನನ್ನೆದುರೇ ಎಲ್ಲರೂ ಹುಬ್ಬಳ್ಳಿಯವನ ಕೈಗುಣ ಹೊಗಳುವವರೇ. ಒಬ್ಬನಂತೂ "ನೀವೂ ಸ್ವಲ್ಪ ಅವರ ಕಡೆ ಕಲ್ತು ಬರ್ರಿ ಮಿಸ್ತ್ರಿ" ಅಂದ. ಕೈಯಲ್ಲಿದ್ದ ಪಾನಾದಿಂದಲೇ ಎರಡು ಬಾರಿಸಬೇಕು ಅನ್ನಿಸಿತ್ತು.

ಮರುವರ್ಷ ಪಂದ್ಯ ಹತ್ತಿರ ಬಂದಾಗ ಹಾಲಿನವನು ಬಾಗಿದ ಹಿಂದಿನ ಗಾಲಿಯೊಂದನ್ನು ಮನೆಗೇ ತಂದುಕೊಟ್ಟ. "ನಿಮ್ಮಣ್ಣಾರದು. ತಗ್ಗಿನ್ಯಾಗ ಬಿದ್ದು ಬೆಂಡ್ ಆಗೇತಿ. ಹುಬ್ಬಳ್ಳಿಗೆ ಕಳಸಬೇಕಂತ" ಅಂದ. ನೋಡಿದ ಕೂಡಲೇ ನನ್ನ ಕಡ್ಡಿಗಳ ಗುರುತು ಸಿಕ್ಕಿತು. ತಾಸಿನ ಕೆಲಸ ಅದು, ಆ ಸಂಜೆಯೇ ಮುಗಿಸಿದೆ. ಆದರೂ ಮೂರು ದಿನ ಇಟ್ಟುಕೊಂಡೆ. ಅಣ್ಣನ ಒಂದು ವಸ್ತು ನನ್ನ ಮನೆಯಲ್ಲಿ ಇತ್ತಲ್ಲ, ಅದಕ್ಕೆ.

ನಾಲ್ಕನೆಯ ಬೆಳಿಗ್ಗೆ ಹಾಲಿನವನು ಬಂದು ಗಾಲಿ ಹೆಗಲಿಗೆ ಹಾಕಿಕೊಂಡ. ಹೊರಡುವವನು ತಿರುಗಿ ನಿಂತ. "ಇನ್ನೊಂದು ಕೇಳಂದಾರ್ರಿ ನಿಮ್ಮಣ್ಣಾರು. ಹುಬ್ಬಳ್ಳಿ ಮಿಸ್ತ್ರಿ ಆರಾಮ ಅದಾನೇನು, ಕೇಳ್ಕೊಂಡ ಬಾ ಅಂದ್ರು."

"ಆರಾಮ ಅದಾನಂತ ಹೇಳು" ಅಂದೆ. ಅವನು ಎರಡು ಹೆಜ್ಜೆ ಇಟ್ಟ ಮೇಲೆ ಮತ್ತೆ ಕರೆದೆ. "ಒಬ್ಬನ ಇರ್ತಾನ, ಮಾತಾಡಾಕ ಯಾರೂ ಇಲ್ಲಂತ. ಅದನ್ನೂ ಹೇಳು."

ಅವನು ಸುತ್ತಿಕೊಂಡು ಆಚೆ ಅಂಗಳಕ್ಕೆ ಹೋದ. ನಾನು ಈಚೆ ಗೋಡೆಗೆ ಬೆನ್ನು ಹಚ್ಚಿ ಕುಳಿತೆ. ನಾನು ಹೇಳಿದ್ದನ್ನು ಅವನು ಒಂದಕ್ಷರ ಬಿಡದೆ ಹೇಳುವುದು ಕೇಳಿಸಿತು. ಗಾಲಿ ನೆಲಕ್ಕಿಟ್ಟು ಅವನು ಹೊರಟುಹೋದ. ಅಣ್ಣನ ಹೆಜ್ಜೆ ಗೋಡೆಯ ತನಕ ಬಂದು ನಿಂತಿತು. ಅವನು ಒಳಗೆ ಹೋಗಲಿಲ್ಲ, ಅವನ ಉಸಿರು ಕೇಳುತ್ತಿತ್ತು. ವೈನಿ ಒಳಗಿಂದ ಎರಡು ಸಲ ಊಟಕ್ಕೆ ಕರೆದರು. ಅವನು ಓ ಅನ್ನಲಿಲ್ಲ, ನಾನೂ ಅಂಗಡಿ ತೆರೆಯಲು ಹೋಗಲಿಲ್ಲ.