ಶುಭ ಶುಕ್ರವಾರದ ಗಂಟೆ

ಚನ್ನರಾಯಪಟ್ಟಣದ ನಮ್ಮ ಚರ್ಚಿನಲ್ಲಿ ಗಂಟೆ ಬಾರಿಸುವ ತಾತ ನಿಂತಲ್ಲಿ ನಿಲ್ಲುತ್ತಿರಲಿಲ್ಲ. ಹೆದ್ದಾರಿಯ ಬಸ್ಸು ಹಾರ್ನ್ ಹೊಡೆದರೆ, ಯಾರದೋ ಮನೆಯ ಕುಕ್ಕರ್ ಕೂಗಿದರೆ, ಮಂಡಿಯಲ್ಲಿ ತೆಂಗಿನಕಾಯಿ ಲಾರಿಗೆ ದಬದಬ ಬಿದ್ದರೆ ಬೆರಳೆತ್ತುತ್ತಿದ್ದ. "ಕೇಳ್ತಾ? ದ್ಯಾವ್ರು ಕರೀತಾವ್ರೆ. ಸ್ತೋತ್ರ ಅನ್ನು." ಅನ್ನುವವರೆಗೆ ದಾರಿ ಬಿಡುತ್ತಿರಲಿಲ್ಲ. ನನಗೆ ರೇಗುತ್ತಿತ್ತು.

ಬರಬರುತ್ತಾ ಆ ಬೆರಳು ಏಳುವುದೇ ಕಡಿಮೆಯಾಯಿತು. ಹಾರ್ನ್ ಹೊಡೆದರೂ ಸುಮ್ಮನೆ ನಮ್ಮ ಮುಖ ನೋಡುತ್ತಿದ್ದ.

ಪವಿತ್ರ ಗುರುವಾರ ಶೋಕಕ್ಕೆಂದು ನಿಂತ ಗಂಟೆ ಈಸ್ಟರ್ ಭಾನುವಾರದ ಪೂಜೆಗೇ ಮತ್ತೆ ಮೊಳಗಬೇಕು. ನಡುವೆ ಮರದ ಹಲಗೆ ಬಡಿಯುವುದು ನಮ್ಮ ವಾಡಿಕೆ. ಅದನ್ನು ನಮಗೆಲ್ಲ ಹೇಳಿಕೊಟ್ಟವನೇ ತಾತ. ಆದರೆ ಶುಭ ಶುಕ್ರವಾರ ಮಧ್ಯಾಹ್ನ, ಎಲ್ಲರೂ ಶಿಲುಬೆಯ ಮುಂದೆ ಮೊಣಕಾಲೂರಿದ್ದಾಗ, ಗಂಟೆ ಮೊಳಗಿತು. ಓಡಿಹೋದೆ. ತಾತ ಗಂಟೆಯ ಹಗ್ಗ ಹಿಡಿದು ಜೋತುಬಿದ್ದಿದ್ದ.

"ಇವತ್ತು ಬಾರಿಸ್ಬಾರ್ದು ತಾತ," ಎಂದು ಕೈ ಹಿಡಿದೆ.

"ಕೇಳ್ತಾ?"

ಊರಿಗೆಲ್ಲ ಕೇಳಿಸಿತ್ತು. ತಲೆಯಾಡಿಸಿದೆ.

"ಭಾನ್ವಾರದವರ್ಗೂ ತಡ್ಯಾಕಾಗ್ನಿಲ್ಲ ಕಣಪ್ಪಾ. ಬಾರ್ಸುದ್ರೂ ನಂಗ್ ಕೇಳ್ನಿಲ್ಲ."

ಹಗ್ಗ ಬಿಟ್ಟು, ಬೆರಳೆತ್ತಿದ. "ನಿಂಗ್ ಕೇಳ್ತಲ್ಲ. ಅನ್ನು."

"ಸ್ತೋತ್ರ," ಅಂದೆ. ಅವನು ನನ್ನ ತುಟಿಗಳನ್ನೇ ನೋಡುತ್ತಿದ್ದ.